ಕಿಯಾ ಇವಿ6: ಮೂರು ವರ್ಷ ಓಡಿಸಿದ ಮೇಲೆ ರೇಂಜ್, ಚಾರ್ಜಿಂಗ್, ಪಿಕಪ್ ಬಗ್ಗೆ

ಕಿಯಾ ಇವಿ6 ಎಲೆಕ್ಟ್ರಿಕ್ ಕಾರು: ಒಂದೇ ಗಾಡಿ, ಒಂದೇ ಬ್ಯಾಟರಿ. ಭಾರತದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಲೆಕ್ಕದಲ್ಲಿ ಇದು 708 ಕಿ.ಮೀ. ಓಡುತ್ತದೆ. ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯ ಲೆಕ್ಕದಲ್ಲಿ ಎರಡು ಮೋಟರಿನ ಎಡಬ್ಲ್ಯುಡಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ) ಮಾದರಿ 506 ಓಡುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2022ರ ಎಡಬ್ಲ್ಯುಡಿ ಮಾದರಿಗೆ ಕೊಟ್ಟಿದ್ದು 274 ಮೈಲಿ, ಅಂದರೆ ಸುಮಾರು 441 ಕಿ.ಮೀ. ‘ಫುಲ್ ಚಾರ್ಜ್‌ಗೆ ಎಷ್ಟು ಓಡುತ್ತೆ?’ ಅಂತ ಯಾರಾದರೂ ಕೇಳಿದರೆ ಈ ಮೂರರಲ್ಲಿ ಯಾವುದನ್ನು ಹೇಳೋದು?

ಯಾವುದೂ ಸುಳ್ಳಲ್ಲ. ಪರೀಕ್ಷೆ ಮಾಡುವ ರೀತಿ ಬೇರೆ ಬೇರೆ, ಅಷ್ಟೇ. ಎಆರ್‌ಎಐ ಬಳಸುವ ಪರೀಕ್ಷೆಯಲ್ಲಿ ಗಾಡಿ ಗಂಟೆಗೆ 90 ದಾಟುವುದೇ ಇಲ್ಲ. ಡಬ್ಲ್ಯುಎಲ್‌ಟಿಪಿಯಲ್ಲಿ 131ರವರೆಗೆ ಹೋಗುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಇಪಿಎಯವರು ಪರೀಕ್ಷೆಯಲ್ಲಿ ಬಂದ ಸಂಖ್ಯೆಯಿಂದ ಒಂದಿಷ್ಟು ಕಡಿತವನ್ನೂ ಮಾಡುತ್ತಾರೆ. ನನ್ನ ಅನುಭವಕ್ಕೆ ಹತ್ತಿರ ಬಂದಿದ್ದು ಇಪಿಎ ಸಂಖ್ಯೆ. ಆದರೆ ಮೂರು ವರ್ಷ ಓಡಿಸಿದ ಮೇಲೆ ನಾನು ಈ ಮೂರನ್ನೂ ನೋಡುವುದು ಬಿಟ್ಟಿದ್ದೇನೆ. ಒಂದು ನಿಮಿಷ ಚಾರ್ಜ್ ಮಾಡಿದರೆ ಎಷ್ಟು ದೂರ ಸಿಗುತ್ತದೆ, ಅದನ್ನಷ್ಟೇ ನೋಡುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನದು 77.4 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿಯ ಎಡಬ್ಲ್ಯುಡಿ. ಅದರಲ್ಲಿ ನಿಜವಾಗಿ ಬಳಕೆಗೆ ಸಿಗುವುದು ಸುಮಾರು 74 ಯೂನಿಟ್. ಎರಡೂ ಮೋಟರ್ ಸೇರಿ 239 ಕಿಲೋವ್ಯಾಟ್ ಶಕ್ತಿ, 605 ನ್ಯೂಟನ್ ಮೀಟರ್ ಟಾರ್ಕ್. ಎಸ್‌ಯುವಿ ಅಂತ ಕರೆಯುತ್ತಾರೆ, ಆದರೆ ಎತ್ತರ 1,550 ಮಿ.ಮೀ. ಮಾತ್ರ. ಪಕ್ಕದಲ್ಲಿ ನಿಜವಾದ ಎಸ್‌ಯುವಿ ಬಂದು ನಿಂತರೆ ಇದು ಉಬ್ಬಿದ ಹ್ಯಾಚ್‌ಬ್ಯಾಕ್ ತರಹ ಕಾಣುತ್ತದೆ. ರೇಂಜ್ ದೃಷ್ಟಿಯಿಂದ ಅದು ಒಳ್ಳೆಯದೇ.

ಊರೊಳಗೆ ಓಡಿಸಿದರೆ 100 ಕಿ.ಮೀ.ಗೆ 15–16 ಯೂನಿಟ್ ಸಾಕು. ಅಂದರೆ ಫುಲ್ ಚಾರ್ಜ್‌ಗೆ 460–490 ಕಿ.ಮೀ. ಹೆದ್ದಾರಿಯಲ್ಲಿ 90ರಲ್ಲಿ ನಿಲ್ಲಿಸಿಕೊಂಡರೆ 17ರ ಆಸುಪಾಸು. 120ಕ್ಕೆ ಏರಿಸಿದರೆ 22, ಎದುರು ಗಾಳಿ ಇದ್ದರೆ ಇನ್ನೂ ಜಾಸ್ತಿ. ಆಗ ಪೂರ್ತಿ ಬ್ಯಾಟರಿ ಖಾಲಿ ಮಾಡಿದರೂ 330 ದಾಟುವುದು ಕಷ್ಟ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 90ರಿಂದ 120ಕ್ಕೆ ಹೋದರೆ ವೇಗ ಹೆಚ್ಚುವುದು ಮೂರನೇ ಒಂದು ಭಾಗ. ಗಾಳಿ ಹಿಂದಕ್ಕೆ ತಳ್ಳುವ ಬಲ ಮಾತ್ರ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. ಪೆಟ್ರೋಲ್ ಗಾಡಿಯಲ್ಲೂ ಇದೇ ನಡೆಯುತ್ತದೆ. ಆದರೆ ಅಲ್ಲಿ ಎಂಜಿನ್ನೇ ಮುಕ್ಕಾಲು ಇಂಧನವನ್ನು ಬಿಸಿ ಮಾಡಿ ಕಳೆಯುವುದರಿಂದ ನಮಗೆ ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ.

ಎಸಿಯ ಬಗ್ಗೆ ಎಲ್ಲರಿಗೂ ಇರುವ ಭಯ ಅರ್ಧ ಸುಳ್ಳು. ಬಿಸಿಲಲ್ಲಿ ನಿಂತ ಗಾಡಿ ತಣ್ಣಗಾಗುವವರೆಗೆ ಕರೆಂಟ್ ಎಳೆಯುತ್ತದೆ, ನಿಜ. ಆಮೇಲೆ ಹೆದ್ದಾರಿಯಲ್ಲಿ ಅದರ ಪಾಲು ಸಣ್ಣದು. ತೆವಳುವ ಟ್ರಾಫಿಕ್‌ನಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ದೂರ ಹೋಗದಿದ್ದರೂ ಗಂಟೆ ಉರುಳುತ್ತಿರುತ್ತದೆ. ಚಳಿಯಲ್ಲಿ ಹೀಟರ್ ಇದಕ್ಕಿಂತ ದುಬಾರಿ. ಮಳೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಟೈರ್ ನೀರನ್ನು ತಳ್ಳಿಕೊಂಡು ಹೋಗಬೇಕಲ್ವಾ, ಬಳಕೆ ಕಣ್ಣಿಗೆ ಕಾಣುವಷ್ಟು ಏರುತ್ತದೆ.

ಚಕ್ರದ ಸೈಜ್ ಕೂಡ ಸುಮ್ನೆ ಅಂದಕ್ಕೆ ಇರುವುದಲ್ಲ. ಇದೇ ಎಡಬ್ಲ್ಯುಡಿ ಮಾದರಿಗೆ 19 ಇಂಚಿನ ಚಕ್ರದಲ್ಲಿ ಡಬ್ಲ್ಯುಎಲ್‌ಟಿಪಿ 506 ಇದ್ದರೆ 20 ಇಂಚಿನಲ್ಲಿ 484. ನಾನು 19 ಇಂಚಿನದನ್ನೇ ತಗೊಂಡೆ. ಗುಂಡಿ ಬಿದ್ದ ರಸ್ತೆಯಲ್ಲೂ ಅದೇ ಮೇಲು.

ಡ್ಯಾಶ್‌ಬೋರ್ಡ್ ತೋರಿಸುವ ಉಳಿದ ಕಿಲೋಮೀಟರನ್ನು ಬಹಳ ನಂಬಬೇಡಿ. ಅದು ನೀವು ಇತ್ತೀಚೆಗೆ ಓಡಿಸಿದ ರೀತಿ ನೋಡಿ ಅಂದಾಜು ಹೇಳುತ್ತದೆ. ವಾರವೆಲ್ಲ ಊರೊಳಗೆ ಸುತ್ತಾಡಿ ಹೆದ್ದಾರಿಗೆ ಹೋದರೆ ಮೊದಲ ಗಂಟೆಯಲ್ಲೇ ಅದು ಸರಸರ ಇಳಿಯುತ್ತದೆ. ಪಕ್ಕದಲ್ಲಿ ಕೂತವರು ಗಾಬರಿಯಾಗುತ್ತಾರೆ. ನಾನು ಶೇಕಡಾವಾರು ಮಾತ್ರ ನೋಡುತ್ತೇನೆ. ಹೆದ್ದಾರಿಯಲ್ಲಿ ಶೇ. 1ಕ್ಕೆ ಮೂರು ಕಿ.ಮೀ. ಅಂತ ಲೆಕ್ಕ ಹಾಕಿಕೊಂಡರೆ ಯಾವತ್ತೂ ಮೋಸವಿಲ್ಲ.

ಈಗ ಚಾರ್ಜಿಂಗ್‌ಗೆ ಬರೋಣ. ಈ ಗಾಡಿಯ ನಿಜವಾದ ತಾಕತ್ತು ಇರುವುದು ಇಲ್ಲೇ. ಬಹುಪಾಲು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ 400 ವೋಲ್ಟ್ ಆಸುಪಾಸಿನದು. ಇವಿ6 ನಿಂತಿರುವ ಇ-ಜಿಎಂಪಿ ಅಡಿಪಾಯ 800 ವೋಲ್ಟ್ ವರ್ಗದ್ದು. ವೋಲ್ಟೇಜ್ ದುಪ್ಪಟ್ಟಾದರೆ ಅಷ್ಟೇ ಶಕ್ತಿಗೆ ಅರ್ಧ ಆಂಪಿಯರ್ ಸಾಕು. ಕೇಬಲ್ ಕಡಿಮೆ ಕಾಯುತ್ತದೆ, ಬ್ಯಾಟರಿಗೆ ಹೆಚ್ಚು ಹೊತ್ತು ಜೋರಾಗಿ ತುಂಬಬಹುದು. ಒಳ್ಳೆಯ ಚಾರ್ಜಿಂಗ್ ಯಂತ್ರ ಸಿಕ್ಕಿದರೆ ಶೇ. 10ರಿಂದ 80ಕ್ಕೆ 18 ನಿಮಿಷ ಅಂತ ಕಂಪನಿ ಹೇಳುತ್ತದೆ. 350 ಕಿಲೋವ್ಯಾಟ್ ಯಂತ್ರದಲ್ಲಿ, ಬ್ಯಾಟರಿ ಬೆಚ್ಚಗಿದ್ದಾಗ, ನನಗೂ ಹೆಚ್ಚುಕಮ್ಮಿ ಅಷ್ಟೇ ಬಂದಿದೆ. ಗನ್ (ಕೇಬಲಿನ ತುದಿಯ ಪ್ಲಗ್) ಸಿಕ್ಕಿಸಿದ ಸ್ವಲ್ಪ ಹೊತ್ತಲ್ಲೇ 200 ಕಿಲೋವ್ಯಾಟ್ ದಾಟುತ್ತದೆ, ಅರ್ಧ ತುಂಬುವವರೆಗೂ ಅಲ್ಲಿಂದ ಕೆಳಗಿಳಿಯುವುದಿಲ್ಲ. ಆಮೇಲೆ ಹಂತಹಂತವಾಗಿ ಇಳಿಯುತ್ತದೆ. 80 ಮುಟ್ಟಿದ ಕೂಡಲೇ ಒಮ್ಮೆ ಪೂರ್ತಿ ಕುಸಿಯುತ್ತದೆ. ಅಲ್ಲಿಂದ 100ಕ್ಕೆ ಕಾಯುವುದು ನಿಮ್ಮ ಹೊತ್ತೂ ಹಾಳು, ಹಿಂದೆ ಕಾಯುವವರ ಹೊತ್ತೂ ಹಾಳು.

ಲೆಕ್ಕ ಹಾಕಿ ನೋಡಿ. ಶೇ. 70 ಅಂದರೆ ಸುಮಾರು 52 ಯೂನಿಟ್. ಅದು 18 ನಿಮಿಷಕ್ಕೆ ಸಿಗುತ್ತದೆ, ಅಂದರೆ ನಿಮಿಷಕ್ಕೆ ಮೂರು ಯೂನಿಟ್‌ಗೆ ಸ್ವಲ್ಪ ಕಮ್ಮಿ. ಬಿಎಂಡಬ್ಲ್ಯು ಐಎಕ್ಸ್ ಎಕ್ಸ್‌ಡ್ರೈವ್50 ಮಾದರಿಗೆ ಬ್ಯಾಟರಿ ಬಹಳ ದೊಡ್ಡದು, ಬಳಕೆಗೆ 105 ಯೂನಿಟ್ ಸಿಗುತ್ತದೆ, ಡಬ್ಲ್ಯುಎಲ್‌ಟಿಪಿ 600 ದಾಟುತ್ತದೆ. ಅದಕ್ಕೆ 10ರಿಂದ 80ಕ್ಕೆ ಬೇಕಾಗುವುದು ಸುಮಾರು 35 ನಿಮಿಷ, ನಿಮಿಷಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಯೂನಿಟ್. ಜಾಹೀರಾತಿನಲ್ಲಿ ಗೆಲ್ಲುವುದು ಅದು. ದಿನವಿಡೀ ಓಡಿಸುವ ದೂರದ ಪ್ರಯಾಣದಲ್ಲಿ, ದಾರಿಯಲ್ಲಿ ಜೋರಾದ ಯಂತ್ರಗಳಿದ್ದರೆ, ಇವಿ6 ಅದರ ಜೊತೆಗೇ ತಲುಪುತ್ತದೆ. ನಿಲ್ಲುವುದು ಒಂದು ಸಲ ಜಾಸ್ತಿ ಇರಬಹುದು. ಆದರೆ ಎರಡೂವರೆ ಗಂಟೆ ಓಡಿಸಿದವನಿಗೆ ಇಳಿದು ಕೈಕಾಲು ಆಡಿಸಲು ಅಷ್ಟು ಹೊತ್ತು ಹೇಗೂ ಬೇಕು.

ಆದರೆ ‘ಜೋರಾದ ಯಂತ್ರಗಳಿದ್ದರೆ’ ಅನ್ನುವ ಮಾತು ದೊಡ್ಡದು. ಸಾಮಾನ್ಯವಾಗಿ ಸಿಗುವ 50 ಕಿಲೋವ್ಯಾಟ್ ಯಂತ್ರದಲ್ಲಿ ಅದೇ 10ರಿಂದ 80ಕ್ಕೆ ಕಂಪನಿ ಲೆಕ್ಕದಲ್ಲೇ 73 ನಿಮಿಷ. ಅಲ್ಲಿ 800 ವೋಲ್ಟ್ ಇದ್ದೂ ಇಲ್ಲದಂತೆ. ಚಾರ್ಜರ್ ಹುಡುಕುವಾಗ ಕಿಲೋವ್ಯಾಟ್ ಒಂದನ್ನೇ ನೋಡಬೇಡಿ. ಯಂತ್ರದ ಪಕ್ಕಕ್ಕೆ ಅಂಟಿಸಿದ ಸಣ್ಣ ಸ್ಟಿಕ್ಕರಿನಲ್ಲಿ ವೋಲ್ಟೇಜ್ ಬರೆದಿರುತ್ತದೆ. 1000 ವೋಲ್ಟ್‌ವರೆಗೆ ಅಂತ ಇದ್ದರೆ ಸರಿ. 500 ವೋಲ್ಟ್‌ವರೆಗೆ ಮಾತ್ರ ಅಂತ ಇದ್ದರೆ ಗಾಡಿ ತನ್ನ ಹಿಂದಿನ ಮೋಟರ್ ಮತ್ತು ಇನ್ವರ್ಟರ್ ಬಳಸಿ ಒಳಗೆ ವೋಲ್ಟೇಜ್ ಏರಿಸಿಕೊಳ್ಳುತ್ತದೆ. ಬೇರೆ ಪೆಟ್ಟಿಗೆ, ಅಡಾಪ್ಟರ್ ಏನೂ ಬೇಡ. ಜಾಣ ಕೆಲಸವೇ. ಗಾಡಿ ನಿಂತೇ ಇರುತ್ತದೆ, ಹಿಂಬದಿಯಿಂದ ಮಾತ್ರ ಗುಂಯ್ ಅಂತ ಸದ್ದು ಬರುತ್ತದೆ. ಮೊದಲ ಸಲ ಕೇಳಿದವರು ಏನೋ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಏನೂ ಕೆಟ್ಟಿಲ್ಲ. ಆದರೆ ಈ ದಾರಿಯಲ್ಲಿ ವೇಗಕ್ಕೆ ಮಿತಿ ಇದೆ.

ಇನ್ನೊಂದು, ಒಂದೇ ಯಂತ್ರಕ್ಕೆ ಎರಡು ಗನ್. ಹೊರಗೆ ದೊಡ್ಡದಾಗಿ 120 ಅಂತ ಬರೆದಿರುತ್ತಾರೆ. ಪಕ್ಕಕ್ಕೆ ಇನ್ನೊಂದು ಗಾಡಿ ಬಂತೋ, ತಲಾ 60. ಆದ್ದರಿಂದ ಖಾಲಿ ಜಾಗ ಹುಡುಕುವ ಬದಲು ಖಾಲಿ ಯಂತ್ರ ಹುಡುಕಿ. ದಪ್ಪ ಕೇಬಲಿನ ಭಾರಕ್ಕೆ ಗನ್ ಜೋತುಬಿದ್ದು ಸಂಪರ್ಕ ಸರಿಯಾಗಿ ಕೂರದೆ ಚಾರ್ಜಿಂಗ್ ಶುರುವಾಗುವ ಮುಂಚೆಯೇ ನಿಂತುಹೋಗುವುದೂ ಉಂಟು. ಆಗ ಹಿಡಿಯನ್ನು ಒಂಚೂರು ಮೇಲಕ್ಕೆ ಒತ್ತಿ ಹಿಡಿದುಕೊಂಡು ಮತ್ತೆ ಶುರು ಮಾಡಿ. ಒಳಗಿನ ಲಾಕ್ ಟಕ್ ಅಂದ ಮೇಲೆ ಕೈ ಬಿಡಿ. ಹತ್ತರಲ್ಲಿ ಏಳು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಪ್ರತಿ ಕಂಪನಿಗೂ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್ ಅನ್ನುವ ಕಿರಿಕಿರಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಬ್ಯಾಟರಿ ತಣ್ಣಗಿದ್ದರೆ 18 ನಿಮಿಷ ಮರೆತುಬಿಡಿ. ಚಳಿಗಾಲದ ಬೆಳಗ್ಗೆ ನೇರ ಹೋಗಿ ಸಿಕ್ಕಿಸಿದರೆ ಅರ್ಧ ವೇಗವೂ ಬರುವುದಿಲ್ಲ. ಇದಕ್ಕೆ ಪ್ರೀಕಂಡೀಷನಿಂಗ್ ಇದೆ: ಗಾಡಿಯ ನ್ಯಾವಿಗೇಶನ್‌ನಲ್ಲಿ ಚಾರ್ಜಿಂಗ್ ಸ್ಟೇಷನ್ ಅನ್ನೇ ಗುರಿಯಾಗಿ ಹಾಕಿದರೆ ದಾರಿಯಲ್ಲೇ ಬ್ಯಾಟರಿ ಬಿಸಿ ಮಾಡಿಕೊಳ್ಳುತ್ತದೆ. ಫೋನಿನ ಮ್ಯಾಪ್ ನೋಡಿಕೊಂಡು ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ.

ಮನೆ ಚಾರ್ಜಿಂಗ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ತ್ರೀ ಫೇಸ್ ಇದ್ದರೆ 11 ಕಿಲೋವ್ಯಾಟ್‌ನಲ್ಲಿ 10ರಿಂದ 100ಕ್ಕೆ ಏಳು ಗಂಟೆ ಚಿಲ್ಲರೆ. ಸಿಂಗಲ್ ಫೇಸ್ 7 ಕಿಲೋವ್ಯಾಟ್ ಇದ್ದರೂ ರಾತ್ರಿ ಮಲಗಿ ಏಳುವಷ್ಟರಲ್ಲಿ ಬೇಕಾದಷ್ಟು ತುಂಬಿರುತ್ತದೆ. ದಿನಬಳಕೆಗೆ ನಾನು 80ಕ್ಕೆ ಮಿತಿ ಇಟ್ಟಿದ್ದೇನೆ, ಆಗಾಗ ಮನೆಯಲ್ಲೇ 100ಕ್ಕೆ ಏರಿಸುತ್ತೇನೆ. ಬ್ಯಾಟರಿ ಸವೆದದ್ದು ಓಡಿಸುವಾಗ ಇನ್ನೂ ಗಮನಕ್ಕೆ ಬಂದಿಲ್ಲ. ಮೀಟರಿನಲ್ಲಿ ಬರುವ ಯೂನಿಟ್ ಬ್ಯಾಟರಿ ಸೇರಿದ್ದಕ್ಕಿಂತ ಹತ್ತನೇ ಒಂದು ಭಾಗದಷ್ಟು ಜಾಸ್ತಿ ಇರುತ್ತದೆ. ಮನೆಯ ಎಸಿ ಕರೆಂಟ್ ಬ್ಯಾಟರಿಯ ಡಿಸಿ ಕರೆಂಟಾಗಿ ತಿರುಗುವಾಗ ಆಗುವ ನಷ್ಟ ಅದು. ಖರ್ಚು ಲೆಕ್ಕ ಹಾಕುವವರು ಸೇರಿಸಿಕೊಳ್ಳಿ.

ಪಿಕಪ್? ಕಾಗದದ ಮೇಲೆ 0–100ಕ್ಕೆ 5.2 ಸೆಕೆಂಡ್. ಅದನ್ನು ಸ್ನೇಹಿತರಿಗೆ ತೋರಿಸಿ ಮುಗಿದ ಮೇಲೆ ಯಾರೂ ಮತ್ತೆ ಮಾಡುವುದಿಲ್ಲ. ದಿನವೂ ಉಪಯೋಗಕ್ಕೆ ಬರುವುದು 70ರಿಂದ 110ರ ನಡುವಿನ ಎಳೆತ. ಎರಡು ಟನ್ ಗಾಡಿ, ಆದರೂ ಲಾರಿ ಹಿಂದೆ ಸಿಕ್ಕಿಕೊಂಡಾಗ ಕಾಲು ಒತ್ತಿದ ಕ್ಷಣಕ್ಕೇ ಮುಂದೆ ಇರುತ್ತೀರಿ. ಗೇರ್ ಇಳಿಯಲಿ ಅಂತ ಕಾಯುವ ಆ ಅರ್ಧ ಸೆಕೆಂಡ್ ಇಲ್ಲ. ನೆಮ್ಮದಿಯಾಗಿ ಓಡಿಸುವಾಗ ಮುಂದಿನ ಮೋಟರನ್ನು ಗಾಡಿ ತಾನೇ ಚಕ್ರದಿಂದ ಬಿಡಿಸಿಬಿಡುತ್ತದೆ, ಹಿಂದಿನದು ಮಾತ್ರ ದುಡಿಯುತ್ತದೆ. ಬೇಕೆಂದಾಗ ಮತ್ತೆ ಸೇರಿಕೊಳ್ಳುತ್ತದೆ, ಗೊತ್ತೇ ಆಗುವುದಿಲ್ಲ. ಆದರೂ ಹೇಳುತ್ತೇನೆ, ಹಿಮ, ಕೆಸರು ಇಲ್ಲದ ಕಡೆ ಹಿಂಚಕ್ರದ ಮಾದರಿಯೇ ಸಾಕು. ಅದರ ಡಬ್ಲ್ಯುಎಲ್‌ಟಿಪಿ 528. ಮುಂದಿನ ಡಿಕ್ಕಿ ಕೂಡ ಅದರಲ್ಲಿ 52 ಲೀಟರ್, ಎಡಬ್ಲ್ಯುಡಿಯಲ್ಲಿ ಬರೀ 20. ಕೇಬಲ್ ಇಟ್ಟರೆ ಮುಗಿಯಿತು.

ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ರೀಜೆನ್, ಅಂದರೆ ಮೋಟರೇ ಗಾಡಿಯನ್ನು ನಿಧಾನಿಸಿ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುವುದನ್ನು, ಹೆಚ್ಚು ಕಮ್ಮಿ ಮಾಡಬಹುದು. ಐ-ಪೆಡಲ್ ಹಾಕಿದರೆ ಆ್ಯಕ್ಸಿಲರೇಟರ್ ಬಿಟ್ಟಷ್ಟಕ್ಕೇ ಪೂರ್ತಿ ನಿಲ್ಲುತ್ತದೆ. ಟ್ರಾಫಿಕ್‌ನಲ್ಲಿ ಕಾಲಿಗೆ ಸುಖ. ಹಿಂದೆ ಕೂತವರಿಗೆ ಅಷ್ಟು ಸುಖವಿಲ್ಲ, ಅವರಿದ್ದಾಗ ನಾನು ಕಮ್ಮಿ ಮಾಡುತ್ತೇನೆ. ಬ್ರೇಕ್ ಪ್ಯಾಡ್ ಇನ್ನೂ ಮೊದಲಿನದೇ ಇದೆ. ಅದರ ಉಳಿತಾಯವನ್ನು ಟೈರ್ ತಿಂದುಹಾಕುತ್ತದೆ, ಭಾರ ಮತ್ತು ಟಾರ್ಕ್ ಎರಡೂ ಜಾಸ್ತಿ ಅಲ್ವಾ.

ಕೊಳ್ಳುವಾಗ ಲೆಕ್ಕಕ್ಕೇ ತಗೊಳ್ಳದೆ ಈಗ ಬಹಳ ಇಷ್ಟವಾಗಿರುವುದು ವಿ2ಎಲ್. ಚಾರ್ಜಿಂಗ್ ಬಾಯಿಗೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಗಾಡಿಯಿಂದ 3.6 ಕಿಲೋವ್ಯಾಟ್‌ವರೆಗೆ ಕರೆಂಟ್ ತೆಗೆಯಬಹುದು. ಕರೆಂಟ್ ಹೋದ ರಾತ್ರಿ ಫ್ರಿಡ್ಜ್, ದೀಪ, ವೈಫೈ ಎಲ್ಲ ನಡೆದರೂ ಬೆಳಗ್ಗೆ ನೋಡಿದರೆ ಬ್ಯಾಟರಿ ಇಳಿದದ್ದು ಅತ್ಯಲ್ಪ. ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಮಿತಿಯನ್ನೂ ಹಾಕಬಹುದು.

ಈಗ ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಮೂರು ವಿಷಯ ಕೇಳಿ. ಮೊದಲನೆಯದು ಐಸಿಸಿಯು, ಅಂದರೆ 12 ವೋಲ್ಟ್ ಬ್ಯಾಟರಿಯನ್ನು ತುಂಬಿಸುವ ಭಾಗ. ಇದು ಹಾಳಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ದಾರಿಯಲ್ಲಿ ನಿಲ್ಲಬಹುದು. ಇದೇ ಕಾರಣಕ್ಕೆ ಕಿಯಾ 2024ರಲ್ಲಿ ಇವಿ6 ಗಾಡಿಗಳನ್ನು ಹಿಂದಕ್ಕೆ ಕರೆಸಿ ಪರೀಕ್ಷಿಸಿ ಸಾಫ್ಟ್‌ವೇರ್ ಬದಲಿಸಿತು. ನನ್ನದರಲ್ಲಿ ತೊಂದರೆ ಕಾಣಿಸಿಕೊಂಡಿಲ್ಲ, ಆದರೂ ಮಾಡಿಸಿದ್ದೇನೆ. ನೀವು ನೋಡುವ ಗಾಡಿಗೆ ಆಗಿದೆಯೋ ಇಲ್ಲವೋ ಸರ್ವಿಸ್ ದಾಖಲೆಯಲ್ಲಿ ನೋಡಿ. ಎರಡನೆಯದು ಪ್ರೀಕಂಡೀಷನಿಂಗ್. ಮೊದಮೊದಲು ಬಂದ ಗಾಡಿಗಳಲ್ಲಿ ಇದು ಇರಲಿಲ್ಲ. ಚಳಿ ಜಾಸ್ತಿ ಇರುವ ಕಡೆಯವರಿಗೆ ಇದು ಇಲ್ಲದಿದ್ದರೆ ಕಷ್ಟ. ಮೂರನೆಯದು ಬ್ಯಾಟರಿ. 2024ರಲ್ಲಿ ಬಂದ ಹೊಸ ರೂಪದಲ್ಲಿ 84 ಯೂನಿಟ್ ಇದೆ, ಹಿಂಚಕ್ರದ ಮಾದರಿಗೆ ಡಬ್ಲ್ಯುಎಲ್‌ಟಿಪಿ 582ರವರೆಗೆ. ಬ್ಯಾಟರಿ ದೊಡ್ಡದಾದರೂ 10ರಿಂದ 80ಕ್ಕೆ ಅದೇ 18 ನಿಮಿಷವನ್ನೇ ಉಳಿಸಿಕೊಂಡಿದ್ದಾರೆ. ಹಳೆಯದಕ್ಕೂ ಹೊಸದಕ್ಕೂ ಬೆಲೆಯಲ್ಲಿ ಬಹಳ ಅಂತರ ಇಲ್ಲದಿದ್ದರೆ ನಾನಾದರೆ ಹೊಸದನ್ನೇ ತಗೊಳ್ಳುತ್ತೇನೆ.