ಟಂಬ್ಲರಿನ ರಾಡಿ: ಚೆಲ್ಲೋದಾ, ಸೋಸೋದಾ, ಹೆಪ್ಪು ಇಡೋದಾ?

ಟಂಬ್ಲರ್ ಅಂದರೆ ಇಲ್ಲಿ ಕುಡಿಯುವ ಲೋಟ ಅಲ್ಲ, ಕಲ್ಲುಗಳನ್ನು ಉರುಳಿಸಿ ಪಾಲಿಶ್ ಮಾಡುವ ಯಂತ್ರ. ಕೊನೆಗೆ ಅದರಲ್ಲಿ ಉಳಿಯುವ ಕೆಸರೇ ರಾಡಿ, ಅದನ್ನು ಏನು ಮಾಡೋದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಪ್ಪಿಗೆ. ಹಳೆಯ ರಾಡಿಯಲ್ಲಿ ಅರ್ಧ ಕಪ್ ತೆಗೆದಿಟ್ಟು, ಮುಂದಿನ ಸಲ ಹೊಸ ಸಾಣೆಪುಡಿಯ ಜೊತೆ ಹಾಕೋದು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಉಳಿದ ಮೂರು ದಾರಿಗಳನ್ನೂ ಮಾಡಿ ನೋಡಿದ್ದೇನೆ. ಒಂದರಲ್ಲಿ ಬೆಲ್ಟ್ ಹೋಯಿತು. ಇನ್ನೊಂದರಲ್ಲಿ ಮೂರು ವಾರದ ಕೆಲಸ ನೀರಿಗೆ ಬಿತ್ತು.

ನಮ್ಮದು ಅಕ್ಕಲಕೋಟ ತಾಲೂಕು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ನಾವು ಬೆಣಚುಕಲ್ಲು ಅನ್ನೋದನ್ನು ಅಲ್ಲಿ ಗಾರಗೋಟಿ ಅಂತಾರೆ. ಎರೆಹೊಲ ಉಳುವಾಗ, ಬೋರಿ ಹೊಳೆಯ ದಂಡೆಯಲ್ಲಿ ಅಡ್ಡಾಡುವಾಗ ಅಕೀಕ್ (ಅಗೇಟ್) ಕಲ್ಲು ಸಿಗುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲ ಲಾವಾ ಹರಿಯಿತಲ್ಲ, ಅದು ಆರುವಾಗ ಒಳಗೆ ಗಾಳಿಗುಳ್ಳೆ ಉಳಿದವು. ಆ ಗುಳ್ಳೆಗಳಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನದೇ ಸಾಮಾನು, ತುಂಬಿಕೊಂಡು ಅಕೀಕ್ ಆಯಿತು. ಸುತ್ತಲಿನ ಕರಿಕಲ್ಲು ಸವೆದು ಎರೆಮಣ್ಣಾಗುತ್ತದೆ, ಅಕೀಕ್ ಹಾಗೇ ಉಳಿಯುತ್ತದೆ. ಮೇಲಿಂದ ನೋಡಿದರೆ ಮಣ್ಣು ಮೆತ್ತಿದ ಆಲೂಗಡ್ಡೆ. ನೀರು ಹನಿಸಿ ಬಿಸಿಲಿಗೆ ಹಿಡಿದರೆ ಒಳಗೆ ಪಟ್ಟೆ ಪಟ್ಟೆ ಕಾಣುತ್ತದೆ. ಆ ಹುಚ್ಚಿಗೇ ನಾನು ಟಂಬ್ಲರ್ ತಂದದ್ದು.

ಯಂತ್ರದ ವಿಷಯ ಜಾಸ್ತಿ ಹೇಳೋದಿಲ್ಲ. ಒಂದೂವರೆ ಕಿಲೋ ಹಿಡಿಯುವ ರಬ್ಬರ್ ಡ್ರಮ್ಮು, ಹಗಲೂ ರಾತ್ರಿ ಉರುಳುತ್ತದೆ. ಕಲ್ಲು, ನೀರು, ಸಾಣೆಪುಡಿ ಹಾಕಿ ಮುಚ್ಚಬೇಕು. ಒಂದು ವಾರ ದಪ್ಪ ಪುಡಿ, ಒಂದು ವಾರ ಮಧ್ಯಮ, ಒಂದು ವಾರ ಸಣ್ಣದು, ಕೊನೆಯ ವಾರ ಪಾಲಿಶ್. ನಡುವೆ ಪ್ರತಿ ಸಲ ಎಲ್ಲವನ್ನೂ ತೊಳೆಯಬೇಕು. ಮುಚ್ಚಳ ತೆಗೆದಾಗ ಬೂದಿ ಬಣ್ಣದ ಒಂದು ಪಾಯಸ ಇರುತ್ತದೆ ನೋಡಿ, ಅದೇ ರಾಡಿ. ಅದರಲ್ಲಿ ಒಡೆದ ಸಾಣೆಪುಡಿ ಇದೆ, ಕಲ್ಲಿನ ಹಿಟ್ಟೂ ಇದೆ. ಅದನ್ನು ಏನು ಮಾಡಬೇಕು ಅನ್ನೋದೇ ಪ್ರಶ್ನೆ.

ಈ ಪ್ರಶ್ನೆ ನನಗೆ ಹುಟ್ಟಿದ್ದೇ ಒಂದು ತಪ್ಪು ಖರೀದಿಯಿಂದ. ಯಂತ್ರದ ಜೊತೆ ಬಂದ ಪುಡಿ ಎರಡೇ ಸಲಕ್ಕೆ ಮುಗಿಯಿತು. ಆನ್‌ಲೈನಿನಲ್ಲಿ ಇನ್ನೊಂದು ಸೆಟ್ ತರಿಸಿದೆ. ಅಂಗೈಯಗಲದ ನಾಲ್ಕು ಪೊಟ್ಟಣ, ಸಾವಿರದ ಮೇಲೆ ದುಡ್ಡು. ಒಂದು ಪೊಟ್ಟಣ ಒಡೆದು ಉಳಿದವುಗಳ ಮೇಲೆಲ್ಲ ಚೆಲ್ಲಿತ್ತು. ವಾಪಸ್ ತಗೊಳ್ಳಲಿಲ್ಲ. ಮಾಸ್ತರಿಕೆಯ ಪಗಾರದಲ್ಲಿ ಇಂಥ ಹುಚ್ಚಿಗೆ ತಿಂಗಳಿಗೆ ಇಷ್ಟು ಅಂತ ಒಂದು ಗೆರೆ ಇರುತ್ತದೆ. ಹಾಗಾಗಿ ಇರೋದನ್ನೇ ತಿರುಗಿ ಬಳಸೋಣ ಅಂತ ಹೊರಟೆ.

ಆದರೆ ತಿರುಗಿ ಬಳಸುವ ಆಟವೆಲ್ಲ ಮುಗಿದ ಮೇಲೆ ಸೊಲ್ಲಾಪುರದಲ್ಲಿ ಒಂದು ಅಂಗಡಿ ಸಿಕ್ಕಿತು. ಫರಸಿ ಪಾಲಿಶ್ ಮಾಡುವವರು ಸಾಣೆಕಲ್ಲು ಕೊಳ್ಳುವ ಜಾಗ. ನಮ್ಮ ಸಾಣೆಪುಡಿಯ ಹೆಸರು ಸಿಲಿಕಾನ್ ಕಾರ್ಬೈಡ್, ಹಾಗಂದರೆ ಅಂಗಡಿಯವರು ಮುಖ ಮುಖ ನೋಡಿದರು. ಅದರದೇ ಇನ್ನೊಂದು ಹೆಸರು, ಕಾರ್ಬೊರಂಡಮ್ ಅಂದೆ, ತಕ್ಷಣ "ಎಷ್ಟನೇ ನಂಬರ್?" ಅಂದರು. 1890ರ ದಶಕದಲ್ಲಿ ಇದರ ತಯಾರಿಕೆ ಕಂಡುಹಿಡಿದ ಅಮೆರಿಕದ ಎಡ್ವರ್ಡ್ ಅಚೆಸನ್ ಇಟ್ಟ ಹೆಸರು ಸೊಲ್ಲಾಪುರದ ಗಲ್ಲಿಯಲ್ಲಿ ಇನ್ನೂ ಓಡುತ್ತಿದೆ. ನಂಬರ್ ಏರಿದಷ್ಟೂ ಪುಡಿ ಸಣ್ಣ. ದಪ್ಪನೆಯ 80 ನಂಬರ್ ಪುಡಿ ಕಿಲೋಕ್ಕೆ 320 ರೂಪಾಯಿ ತಗೊಂಡರು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ದಾರಿ, ಎಲ್ಲ ಚೆಲ್ಲಿ ಪ್ರತಿ ಸಲ ಹೊಸ ಪುಡಿ, ಹೊಸ ನೀರು. ಇದರಲ್ಲಿ ತಪ್ಪೇನಿಲ್ಲ. ಹೊಸಬರು ಹೀಗೇ ಮಾಡಲಿ. ಒಂದೇ ತಕರಾರು, ಮೊದಲ ಒಂದೆರಡು ದಿನ ಡ್ರಮ್ಮು ಖಡಖಡ ಅನ್ನುತ್ತದೆ. ತಿಳಿನೀರಿನಲ್ಲಿ ಪುಡಿ ತಳಕ್ಕೆ ಕೂತುಬಿಡುತ್ತದೆ, ಕಲ್ಲಿಗೆ ಅಂಟೋದಿಲ್ಲ. ಕಲ್ಲಿಗೆ ಕಲ್ಲು ಬಡಿದು ಅಂಚಿನಲ್ಲಿ ಉಗುರು ಒತ್ತಿದಂಥ ಗುರುತು ಬೀಳುತ್ತವೆ. ರಾಡಿ ಸ್ವಲ್ಪ ದಪ್ಪವಾದ ಮೇಲೇ ನಿಜವಾದ ಕೆಲಸ ಶುರು.

ಎರಡನೇ ದಾರಿ, ರಾಡಿಯನ್ನು ಮುಟ್ಟದೆ ಮೇಲಿಂದ ಎರಡು ಚಮಚ ಪುಡಿ ಹಾಕಿ ಮತ್ತೆ ಮುಚ್ಚೋದು. ಸೋಮಾರಿಗಳ ದಾರಿ, ನನಗೆ ಬಹಳ ಹಿಡಿಸಿತ್ತು. ಎರಡನೇ ವಾರದ ಕೊನೆಗೆ ತೆಗೆದರೆ ರಾಡಿ ಬಜ್ಜಿ ಹಿಟ್ಟಿನ ಹದಕ್ಕೆ ಬಂದಿತ್ತು. ಕಲ್ಲುಗಳು ಅದರಲ್ಲಿ ಉರುಳುತ್ತಿರಲಿಲ್ಲ, ಗಾದಿಯ ಮೇಲೆ ಮಲಗಿದ ಹಾಗೆ ಸುಮ್ನೆ ಸುತ್ತುತ್ತಿದ್ದವು. ಹೊಸ ಪುಡಿ ಹಿಟ್ಟಿನಲ್ಲಿ ಸಿಕ್ಕಿಕೊಂಡು ಕಲ್ಲನ್ನು ಮುಟ್ಟಿರಲೇ ಇಲ್ಲ. ಸಾಲದ್ದಕ್ಕೆ ಆ ವಾರ ಕರೆಂಟು ಎರಡು ಸಲ ಹೋಗಿ ಬಂತು. ಒಳಗಿನದೆಲ್ಲ ಒಂದೇ ಕಡೆ ಕೂತು ಗಟ್ಟಿಯಾಗಿತ್ತು. ಎರಡನೇ ಸಲ ಮೋಟಾರು ತಿರುಗಿತು, ಡ್ರಮ್ಮು ತಿರುಗಲಿಲ್ಲ, ಬೆಲ್ಟ್ ಜಾರಿ ಜಾರಿ ಸುಟ್ಟ ವಾಸನೆ ಬಂತು. ಅಲ್ಲಿಗೆ ಮುಗಿಯಿತು.

ಇನ್ನು ಮೂರನೆಯದು, ಸೋಸಿ ಪುಡಿ ಉಳಿಸೋದು. ನನ್ನ ನಿಜವಾದ ಸಂಕಟ ಇರೋದೇ ಇಲ್ಲಿ.

ಲೆಕ್ಕ ಕಾಗದದ ಮೇಲೆ ಚೆಂದ ಇತ್ತು. ಕಾರ್ಬೊರಂಡಮ್ ಕಲ್ಲಿಗಿಂತ ಭಾರ. ನೀರಿನಲ್ಲಿ ಕಲಕಿ ಬಿಟ್ಟರೆ ಅದು ಬೇಗ ತಳಕ್ಕೆ ಹೋಗುತ್ತದೆ, ಕಲ್ಲಿನ ಹಿಟ್ಟು ಮೇಲೇ ತೇಲುತ್ತದೆ. ಮೇಲಿನ ನೀರು ಬಗ್ಗಿಸಿದರೆ ಗಸಿಯಲ್ಲಿ ಪುಡಿ ಉಳಿಯುತ್ತದೆ. ಅಕ್ಕಿಯಲ್ಲಿ ಕಲ್ಲು ಗಾಳಿಸಿದ ಹಾಗೆಯೇ. ಮೇಲಾಗಿ ದಪ್ಪ ಪುಡಿ ಒಂದು ವಾರ ಉರುಳಿದರೆ ಒಡೆದು ಸಣ್ಣದಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಂದರೆ ಮೊದಲ ಹಂತದಲ್ಲಿ ಉಳಿದದ್ದನ್ನು ಎರಡನೇ ಹಂತಕ್ಕೆ ಪುಕ್ಕಟೆ ಬಳಸಬಹುದು, ಅಲ್ವಾ?

ನಾಲ್ಕು ಸಲದ ರಾಡಿಯನ್ನು ಒಂದು ಬಕೀಟಿನಲ್ಲಿ ಕೂಡಿಟ್ಟೆ. ಕಲಕೋದು, ಇಪ್ಪತ್ತರವರೆಗೆ ಎಣಿಸೋದು, ಬಗ್ಗಿಸೋದು. ಮತ್ತೆ ನೀರು, ಮತ್ತೆ ಕಲಕೋದು. ಆರೇಳು ಸಲವಾದ ಮೇಲೆ ನೀರು ತಿಳಿಯಾಯಿತು. ನಮ್ಮಲ್ಲಿ ನಳಕ್ಕೆ ನೀರು ಬರೋದು ನಾಲ್ಕೈದು ದಿನಕ್ಕೊಮ್ಮೆ. ಮನೆಯವಳು ಬಾಗಿಲಲ್ಲಿ ನಿಂತು, "ಕುಡಿಯಾಕ ನೀರಿಲ್ಲ, ನೀವು ಕಲ್ಲಿಗೆ ಜಳಕಾ ಮಾಡ್ಸಾಕತ್ತೀರಲ್ರೀ" ಅಂದಳು. ಉತ್ತರ ಇರಲಿಲ್ಲ. ಆದರೆ ತಳದಲ್ಲಿ ಕರ್ರಗೆ ಮಿಣಮಿಣ ಹೊಳೆಯುವ ಪುಡಿ ಕಂಡಾಗ ಚಿನ್ನ ಸಿಕ್ಕಷ್ಟು ಖುಷಿಯಾಯಿತು.

ಪೇಪರಿನ ಮೇಲೆ ಒಣಗಿಸಿ ತೂಗಿದೆ. 42 ಗ್ರಾಂ. ಒಂದು ಸಲಕ್ಕೆ ನಾಲ್ಕು ದೊಡ್ಡ ಚಮಚ, ಅಂದರೆ ಸುಮಾರು 90 ಗ್ರಾಂ ಹಾಕಿರುತ್ತೇನೆ. ನಾಲ್ಕು ಸಲಕ್ಕೆ 360. ಉಳಿದದ್ದು ಎಂಟರಲ್ಲಿ ಒಂದು ಪಾಲೂ ಸರಿಯಾಗಿ ಇಲ್ಲ. ಇರಲಿ, ಪುಕ್ಕಟೆ ಬಂದದ್ದು ಅಂತ ಎರಡನೇ ಹಂತಕ್ಕೆ ಹಾಕಿದೆ. ಆಮೇಲೆ ಸಣ್ಣ ಪುಡಿ, ಆಮೇಲೆ ಪಾಲಿಶ್. ಮೂರು ವಾರ.

ತೆಗೆದು ಒರೆಸಿ ನೋಡಿದರೆ ಹೊಳಪು ಇತ್ತು. ಬಲ್ಬಿನ ಕೆಳಗೆ ಓರೆಯಾಗಿ ಹಿಡಿದೆ. ಪ್ರತಿ ಕಲ್ಲಿನ ಮೇಲೂ ಕೂದಲೆಳೆಯಂಥ ಗೀರು. ಮುಖ ನೋಡುವ ಕನ್ನಡಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದ ಹಾಗೆ. ಮೊದಲು ಡ್ರಮ್ಮಿನ ಮುಚ್ಚಳದ ಸಂದಿಯನ್ನು ಬೈದೆ. ಆಮೇಲೆ ಕಲ್ಲುಗಳನ್ನು ಬೈದೆ. ನಮ್ಮ ಅಕೀಕಿನಲ್ಲಿ ನಡುವೆ ಪೊಳ್ಳು ಇರೋದು ಜಾಸ್ತಿ, ಒಳಗೆ ಸಕ್ಕರೆ ಹರಳಿನಂತೆ ಬೆಣಚು ಕೂತಿರುತ್ತದೆ. ಆ ಪೊಳ್ಳಿನಲ್ಲಿ ದಪ್ಪ ಪುಡಿ ಅಡಗಿ ಕೂತು ಪಾಲಿಶಿನ ದಿನ ಹೊರಗೆ ಬರೋದು ಉಂಟು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೂ ಕೆದಕಿದೆ. ಏನೂ ಸಿಗಲಿಲ್ಲ.

ಕೊನೆಗೆ ಆ ಪುಡಿಯನ್ನೇ ಒಂದು ಚಿಟಿಕೆ ಗಾಜಿನ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. ಒಡೆಯದ ದಪ್ಪ ಹರಳುಗಳು ಅರ್ಧಕ್ಕರ್ಧ ಇದ್ದವು! ಕೂತು ಯೋಚಿಸಿದಾಗ ನಗು ಬಂತು. ಇಪ್ಪತ್ತು ಎಣಿಸಿ ಬಗ್ಗಿಸಿದರೆ ತಳದಲ್ಲಿ ಉಳಿಯೋದು ಯಾವುದು? ಬೇಗ ಮುಳುಗುವುದು. ಬೇಗ ಮುಳುಗುವುದು ಯಾವುದು? ದಪ್ಪಗಿದ್ದದ್ದು. 80 ನಂಬರಿನದು ಒಂದು ಗೇಣು ನೀರಿನಲ್ಲಿ ಹತ್ತು ಸೆಕೆಂಡಿನೊಳಗೆ ತಳ ಸೇರುತ್ತದೆ. 220ರಷ್ಟು ಸಣ್ಣದಕ್ಕೆ ಮುಕ್ಕಾಲು ನಿಮಿಷ ಬೇಕು. 600ರದಕ್ಕೆ ಅರ್ಧ ಗಂಟೆ. ಎರಡನೇ ಹಂತಕ್ಕೆ ಬೇಕಾಗಿದ್ದ ಸಣ್ಣ ಪುಡಿಯನ್ನೆಲ್ಲ ನಾನೇ ನನ್ನ ಕೈಯಾರೆ ಬಗ್ಗಿಸಿ, ಬೇಡವಾದ ದಪ್ಪದ್ದನ್ನು ಜತನವಾಗಿ ಉಳಿಸಿಕೊಂಡಿದ್ದೆ.

ಹೆಚ್ಚು ಹೊತ್ತು ಕಾದರೆ? ಅದನ್ನೂ ಮಾಡಿದೆ. ಆಗ ಕಲ್ಲಿನ ಚೂರೂ ಜೊತೆಗೆ ಕೂರುತ್ತದೆ. ಸಣ್ಣ ಕಾರ್ಬೊರಂಡಮ್ ಮತ್ತು ಅದಕ್ಕಿಂತ ತುಸು ದೊಡ್ಡ ಬೆಣಚಿನ ಚೂರು ಒಂದೇ ವೇಗದಲ್ಲಿ ಮುಳುಗುತ್ತವೆ. ಬಕೀಟಿನಲ್ಲಿ ಇವೆರಡನ್ನು ಬೇರೆ ಮಾಡಲು ಆಗೋದಿಲ್ಲ.

ಈಗ ಆ 320 ರೂಪಾಯಿ ನೆನಪಿಸಿಕೊಳ್ಳಿ. 42 ಗ್ರಾಮಿಗೆ ಎಷ್ಟಾಯಿತು? ಹದಿಮೂರು ರೂಪಾಯಿ. ಒಂದು ಚಹಾ, ಮೇಲೊಂದು ಬಿಸ್ಕೀಟು. ಇದಕ್ಕಾಗಿ ನಾಲ್ಕು ಬಕೀಟು ನೀರು, ಎರಡು ಭಾನುವಾರ, ಮೂರು ವಾರದ ಕರೆಂಟು.

ಸೋಸುವ ದಾರಿಯನ್ನು ನಾನು ಪೂರ್ತಿ ಬಿಟ್ಟದ್ದು ಬೇರೆ ಕಾರಣಕ್ಕೆ. ಒಣಗಿಸಬೇಕಲ್ಲ, ಆಗ ಸಣ್ಣ ಹಿಟ್ಟು ಹಾರುತ್ತದೆ. ಅದು ಸಿಲಿಕಾ. ಗುಜರಾತಿನ ಖಂಭಾತಿನಲ್ಲಿ ಅಕೀಕ್ ಉಜ್ಜುವ ಕೆಲಸಗಾರರಿಗೆ ಈ ದೂಳಿನಿಂದಲೇ ಸಿಲಿಕೋಸಿಸ್ ಅನ್ನೋ ಪುಪ್ಪುಸದ ಕಾಯಿಲೆ ಬಂದಿದೆ. ಒಮ್ಮೆ ಪುಪ್ಪುಸಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಟಂಬ್ಲರಿನೊಳಗೆ ಎಲ್ಲ ಒದ್ದೆಯಾಗಿರೋದರಿಂದ ಭಯವಿಲ್ಲ. ಅದನ್ನು ಅಂಗಳದಲ್ಲಿ ಪೇಪರ್ ಹಾಸಿ ಒಣಗಿಸಿ ನಾವಾಗಿ ಹಾರಿಸೋದು ಯಾಕೆ?

ಹೆಪ್ಪಿಗೆ ಇದ್ಯಾವ ರಗಳೆಯೂ ಇಲ್ಲ. ಮೊದಲ ಹಂತ ಮುಗಿದಾಗ ಅರ್ಧ ಕಪ್ ರಾಡಿಯನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡುತ್ತೇನೆ. ಮುಂದಿನ ಸಲ ಹೊಸ ಕಲ್ಲು, ಹೊಸ ಪುಡಿ ಪೂರ್ತಿ ನಾಲ್ಕು ಚಮಚ, ಮೇಲೆ ಈ ಹೆಪ್ಪು, ನೀರು ಅಷ್ಟು ಕಡಿಮೆ. ಇದರಿಂದ ಪುಡಿ ಉಳಿಯೋದಿಲ್ಲ, ಅದನ್ನು ಸರಿಯಾಗಿ ತಿಳಿದುಕೊಳ್ಳಿ. ಉಳಿಯೋದು ಆ ಮೊದಲ ಎರಡು ದಿನ. ನೀರು ಮೊದಲ ಗಂಟೆಯಿಂದಲೇ ತೆಳು ಅಂಬಲಿಯ ಹಾಗಿರುತ್ತದೆ, ಪುಡಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಸದ್ದೇ ಬೇರೆ. ಖಡಖಡ ಹೋಗಿ ಸರಸರ. ರಾತ್ರಿ ಪಕ್ಕದ ಕೋಣೆಯಲ್ಲಿ ಮಲಗಬಹುದು.

ತೂಗಿಯೂ ನೋಡಿದೆ. ಹತ್ತಿರ ಹತ್ತಿರ ಒಂದೇ ಥರದ ಕಲ್ಲು, ಎರಡು ಸಲವೂ 1,100 ಗ್ರಾಂ, ಒಂದೊಂದು ವಾರ. ಬರೀ ಹೊಸ ಪುಡಿಯಲ್ಲಿ 97 ಗ್ರಾಂ ಸವೆಯಿತು, ಹೆಪ್ಪು ಹಾಕಿದಾಗ 118. ಒಂದೇ ಸಲದ ಲೆಕ್ಕ ಇದು, ಕಲ್ಲು ಕಲ್ಲಿಗೂ ಫರಕು ಇರುತ್ತದೆ. ಆದರೆ ಉಗುರಿನ ಗುರುತು ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತಿತ್ತು.

ಇದೇನು ಹೊಸದಲ್ಲ. ಖಂಭಾತಿನಲ್ಲಿ ಹಿಂದೆ ಮಣಿಗಳನ್ನು ಚರ್ಮದ ಚೀಲದಲ್ಲಿ ಹಾಕಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಚೀಲದೊಳಗೆ ಸಾಣೆಪುಡಿಯ ಜೊತೆ, ಮಣಿ ಕೊರೆಯುವಾಗ ಬಿದ್ದ ಕಲ್ಲಿನ ಹಿಟ್ಟನ್ನೂ ಹಾಕುತ್ತಿದ್ದರು. ಕಲ್ಲಿನ ಹಿಟ್ಟು ಕಲ್ಲಿಗೇ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಕೆಲವು ಎಚ್ಚರಿಕೆ. ಅರ್ಧ ಕಪ್ಪಿಗಿಂತ ಜಾಸ್ತಿ ಹಾಕಿದರೆ ಮತ್ತೆ ಬಜ್ಜಿ ಹಿಟ್ಟೇ. ಹೆಪ್ಪಿನ ಮೇಲೆ ಎರಡು ಬೆರಳು ನೀರು ನಿಂತಿರಲಿ. ಒಂದು ತಿಂಗಳು ಮರೆತಿದ್ದೆ, ತಳದಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು, ಸ್ಕ್ರೂಡ್ರೈವರಿನಿಂದ ಕೆದಕಬೇಕಾಯಿತು. ಅದಕ್ಕೇ ರಾಡಿಯನ್ನು ಬಚ್ಚಲಿಗೆ, ಸಿಂಕಿಗೆ ಸುರಿಯಲೇಬೇಡಿ. ನಾನು ಹಿತ್ತಲಲ್ಲಿ ಗುಂಡಿ ತೋಡಿದ್ದೇನೆ. ಮೊದಲ ಹಂತದ ಹೆಪ್ಪು ಮೊದಲ ಹಂತಕ್ಕೆ ಮಾತ್ರ, ಮುಂದಿನದಕ್ಕೆ ಒಂದು ಹನಿಯೂ ಬೇಡ. ಹೊಳೆಯಲ್ಲಿ ಸಿಗುವ ಬಿಳಿ ಮೆತ್ತನೆ ಕಲ್ಲು, ಕ್ಯಾಲ್ಸೈಟ್ ಥರದ್ದು, ಆ ಸಲ ಸೇರಿದ್ದರೆ ಅದರ ರಾಡಿಯನ್ನು ಇಡಬೇಡಿ. ಅದು ಪೂರ್ತಿ ಸುಣ್ಣದ ನೀರು. ರಾಡಿ ದಪ್ಪಗಾಗಲು ಸಕ್ಕರೆ ಹಾಕುವವರೂ ಇದ್ದಾರೆ. ನಮ್ಮ ಮನೆಯ ಇರುವೆಗಳನ್ನು ನೋಡಿದರೆ ನನಗೆ ಆ ಧೈರ್ಯ ಇಲ್ಲ.

ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನಮ್ಮ ಅವ್ವ ಅದನ್ನು ರಂಗೋಲಿ ಪುಡಿ ನೆನೆಸಿಟ್ಟದ್ದು ಅಂದುಕೊಂಡಿದ್ದಳು.

ಪಾಲಿಶ್ ಪುಡಿಯ ಮಾತು ಬೇರೆ. ಅದು ಅಲ್ಯುಮಿನಿಯಂ ಆಕ್ಸೈಡ್, ಕಾರ್ಬೊರಂಡಮ್ಮಿನ ಹಾಗೆ ಬೇಗ ಒಡೆಯೋದಿಲ್ಲ, ದರವೂ ತುಟ್ಟಿ. ಅದರ ರಾಡಿಯನ್ನು ಪೂರ್ತಿ ಇಟ್ಟು, ಪ್ರತಿ ಸಲ ಒಂದು ಚಮಚ ಹೊಸದು ಸೇರಿಸಿ ಮೂರು ಸಲ ಬಳಸಿದ್ದೇನೆ. ಹೊಳಪಿಗೆ ಏನೂ ಕೊರತೆಯಾಗಲಿಲ್ಲ. ಗೀರು ಕಂಡ ದಿನ ಚೆಲ್ಲುತ್ತೇನೆ. ನಡುವಿನ ಎರಡು ಹಂತದ ರಾಡಿಯನ್ನು ಇಡೋದಿಲ್ಲ. ಡಬ್ಬಿಗಳು ಜಾಸ್ತಿಯಾದರೆ ನನ್ನ ಕೈಯಲ್ಲಿ ಅದಲು ಬದಲಾಗೋದು ಖಾತ್ರಿ.

ನಿಮ್ಮ ಹತ್ತಿರ ಐದಾರು ಕಿಲೋ ಹಿಡಿಯುವ ಡ್ರಮ್ಮು ಇದ್ದರೆ, ಪುಡಿ ಅಗ್ಗದಲ್ಲಿ ಸಿಗದ ಊರಿನಲ್ಲಿದ್ದರೆ, ನೀರಿಗೆ ಬರವಿಲ್ಲದಿದ್ದರೆ ಸೋಸುವ ದಾರಿ ನಿಮಗೆ ಲಾಭವಾಗಬಹುದು. ಸೋಸಿದ್ದನ್ನು ಮತ್ತೆ ಮೊದಲ ಹಂತಕ್ಕೇ ಹಾಕಿ, ಒಣಗಿಸದೆ ಒದ್ದೆಯಾಗಿಯೇ ಇಡಿ.

ಆ 42 ಗ್ರಾಮಿನಲ್ಲಿ ಉಳಿದಿದ್ದ ಸ್ವಲ್ಪವನ್ನು ಓಣಿಯ ಬಡಿಗ ಕಾಕಾನಿಗೆ ಕೊಟ್ಟೆ. ಅವರ ಉಳಿ ಮಸೆಯುವ ಕಲ್ಲು ನಡುವೆ ಸವೆದು ತಗ್ಗಾಗಿತ್ತು. ಗಾಜಿನ ಹಾಳೆಯ ಮೇಲೆ ಪುಡಿ, ನೀರು ಹಾಕಿ ಕಲ್ಲನ್ನು ಬೋರಲು ಮಾಡಿ ಉಜ್ಜಿದರು. ಹತ್ತು ನಿಮಿಷದಲ್ಲಿ ಸಪಾಟಾಯಿತು. "ಇನ್ನೂ ಐತೇನ್ರೀ ಮಾಸ್ತರ?" ಅಂದರು. ಸೋಸಿದ್ದು ಇಲ್ಲ ಕಾಕಾ ಅಂತ ಹೇಳಿ, ಸೊಲ್ಲಾಪುರದ ಚೀಲದಿಂದ ಎರಡು ಚಮಚ ತೆಗೆದುಕೊಟ್ಟೆ.