ಫಿಟ್ಸ್‌ಗೆ ಮಿದುಳಿನ ಆಪರೇಷನ್: ನಾಲ್ಕು ಸ್ಟಾರ್, ಸಿಟ್ಟಿಗಾದರೆ ಸೊನ್ನೆ

ಫಿಟ್ಸ್ ನಿಲ್ಲಿಸಲು ಮಾಡುವ ಟೆಂಪೊರಲ್ ಲೋಬೆಕ್ಟಮಿ ಎಂಬ ಆಪರೇಷನ್‌ನಲ್ಲಿ ಕಿವಿಯ ಮುಂದೆ, ಮೇಲೆ ಬುರುಡೆ ತೆರೆದು ಮಿದುಳಿನ ಪಕ್ಕದ ಭಾಗವಾದ ಟೆಂಪೊರಲ್ ಲೋಬಿನ ಮುಂಭಾಗವನ್ನು, ನೆನಪು ಕೂಡಿಸುವ ಹಿಪೊಕ್ಯಾಂಪಸ್, ಭಯ-ಸಿಟ್ಟಿಗೆ ಸಂಬಂಧಿಸಿದ ಅಮಿಗ್ಡಲಗಳ ಸಮೇತ ತೆಗೆಯುತ್ತಾರೆ. ಕೆನಡಾದಲ್ಲಿ 80 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎಚ್ಚರ ತಪ್ಪುವ ಫಿಟ್ಸ್ ನಿಂತದ್ದು ಆಪರೇಷನ್ ಪಾಲಿನಲ್ಲಿ ಶೇ. 58 ಮಂದಿಗೆ, ಬರೀ ಮಾತ್ರೆಯ ಪಾಲಿನಲ್ಲಿ ಶೇ. 8 ಮಂದಿಗೆ.

ಇದು ಎಲ್ಲರಿಗೂ ಅಲ್ಲ. ಸರಿಯಾದ ಎರಡು ಔಷಧಿ ಸರಿಯಾದ ಡೋಸಿನಲ್ಲಿ ಸೋತಿರಬೇಕು, ಫಿಟ್ಸ್ ಒಂದೇ ಜಾಗದಿಂದ ಹುಟ್ಟುತ್ತಿರಬೇಕು. ಆ ಜಾಗ ಹುಡುಕುವುದೇ ಅರ್ಧ ಕೆಲಸ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ರೋಗಿಯ ವಿಡಿಯೋವನ್ನೂ ಒಟ್ಟಿಗೆ ದಾಖಲಿಸುವ ವಿಡಿಯೋ ಇಇಜಿ ವಾರ್ಡಿನಲ್ಲಿ ಮಾತ್ರೆ ಬೇಕೆಂದೇ ಇಳಿಸಿ ಫಿಟ್ಸ್ ಬರಿಸುತ್ತಾರೆ. ಬಂದ ತಕ್ಷಣ ಜೊತೆಗಿರುವವರು ಬಟನ್ ಒತ್ತಬೇಕು, ಹೊದಿಕೆ ಸರಿಸಬೇಕು, ಕ್ಯಾಮೆರಾಗೆ ಅಡ್ಡ ನಿಲ್ಲಬಾರದು. ಯಾವ ಕೈ ಸೆಟೆಯಿತು, ಯಾವುದು ಬಟ್ಟೆ ತಡಕಿತು ಎನ್ನುವುದರಲ್ಲೇ ಎಡವೋ ಬಲವೋ ಎಂಬ ಸುಳಿವಿರುತ್ತದೆ. ಗಾಬರಿಯಿಂದ ತಬ್ಬಿಕೊಂಡರೆ ಆ ರೆಕಾರ್ಡಿಂಗ್ ಹಾಳು. ಸಾಮಾನ್ಯ ಎಂಆರ್‌ಐ 'ನಾರ್ಮಲ್' ಎಂದರೂ ಬಿಡಬೇಡಿ. ಹಿಪೊಕ್ಯಾಂಪಸ್‌ಗೆ ಅಡ್ಡಲಾಗಿ ತೆಳು ಸ್ಲೈಸ್ ತೆಗೆಯುವ ಎಪಿಲೆಪ್ಸಿ ಪ್ರೋಟೋಕಾಲ್ ಬೇರೆಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲೂ ಈ ಏರ್ಪಾಡಿದೆ.

ಒಂದು ಸ್ಟಾರ್ ಕಳೆದದ್ದು ಇದಕ್ಕೆ: ಎದುರು ಬದಿಯ ಮೇಲ್ಗಡೆಯ ನೋಟ ಕಾಲುಭಾಗ ಹೋಗಬಹುದು, ಬೈಕ್ ಓಡಿಸುವವರು ಮೊದಲೇ ಕೇಳಿಕೊಳ್ಳಬೇಕು. ಎಡಬದಿಯಾದರೆ ಹೆಸರುಗಳು ನಾಲಿಗೆಗೆ ಬಾರದೆ ತಡವರಿಸುವುದುಂಟು. ಕಿವಿಯ ಮೇಲಿನ ಅಗಿಯುವ ಸ್ನಾಯು ಕತ್ತರಿಸಿರುವುದರಿಂದ ಕೆಲವು ವಾರ ಚಪಾತಿ ಅಗಿಯುವುದೂ ನೋವು. ಮಾತ್ರೆಯಂತೂ ಮರುದಿನವೇ ನಿಲ್ಲುವುದಿಲ್ಲ. ಎರಡೂ ಬದಿ ತೆಗೆಯುವ ಮಾತೇ ಇಲ್ಲ: 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಹಾಗೆ ಮಾಡಿ, ಫಿಟ್ಸ್ ಕಡಿಮೆಯಾದರೂ ಹೊಸ ನೆನಪು ಕೂಡುವುದೇ ನಿಂತಿತು.

ಇನ್ನು ಸಿಟ್ಟು, ಹೊಡೆತ ತಗ್ಗಿಸಲು ಮಿದುಳಿನ ಆಪರೇಷನ್ ಕೇಳಿದರೆ ಸೊನ್ನೆ ಸ್ಟಾರ್. 1960ರ ದಶಕದಲ್ಲಿ ಮದ್ರಾಸಿನಲ್ಲಿ ಮಿದುಳು ಸರ್ಜನ್‌ಗಳಾದ ಬಾಲಸುಬ್ರಮಣ್ಯಂ, ರಾಮಮೂರ್ತಿ ಅವರು ರಂಪ ಮಾಡುವ ರೋಗಿಗಳ ಅಮಿಗ್ಡಲ ನಾಶಪಡಿಸುವ ಆಪರೇಷನ್ ಮಾಡುತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆಗೆ ಇಂಥ ಆಪರೇಷನ್ ಮಾಡಲು ರೋಗಿಯ ಒಪ್ಪಿಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಎರಡೂ ಬೇಕು. ಮನೆಯವರ ಸಹಿಯೊಂದೇ ಸಾಲದು, ಸಾಲಲೂಬಾರದು.

ಚಾಕುವಿನ ಮಾತಿಗೆ ಮುಂಚೆ ಮಾತ್ರೆಯ ಪಟ್ಟಿ ನೋಡಿ. ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಶುರುವಾದ ಮೇಲೆ ಸಿಟ್ಟು ಏರಿದ್ದರೆ ಆ ಮಾತ್ರೆಯೇ ಕಾರಣವಿರಬಹುದು. ವೈದ್ಯರು ಬದಲಿಸಬಲ್ಲರು, ನೀವಾಗಿ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದೀತು. ಫಿಟ್ಸ್ ಮುಗಿದು ಮಂಕಾಗಿರುವಾಗ ಮಾತ್ರ ಕೈ ಬೀಸುತ್ತಾರೆಯೇ? ಹಾಗಾದರೆ ಯಾರೋ ಅದುಮಿ ಹಿಡಿಯುತ್ತಿರಬಹುದು. ಬಿಡಿ, ಚೂಪು ವಸ್ತು ಸರಿಸಿ, ಪಕ್ಕದಲ್ಲಿರಿ.

ಮೊದಲ ಭೇಟಿಗೆ ಎಂಆರ್‌ಐ ಸಿಡಿ, ಡೋಸು ಮತ್ತು ಶುರುವಾದ ತಿಂಗಳು ಬರೆದ ಮಾತ್ರೆ ಪಟ್ಟಿ, ಫೋನಿನಲ್ಲಿ ಹಿಡಿದ ಒಂದು ಫಿಟ್ಸ್‌ನ ವಿಡಿಯೋ ಒಯ್ಯಿರಿ.