ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ ಬಿಷಪ್ ಅಜರಯ್ಯನವರ ಪುಸ್ತಿಕೆ

ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆಂದು ಬಿಷಪ್ ವಿ.ಎಸ್. ಅಜರಯ್ಯನವರ ಬದುಕಿನ ಬಗ್ಗೆ ಬರೆದ ಪುಸ್ತಿಕೆಯನ್ನು ಇಲ್ಲೇ ಅಚ್ಚು ಹಾಕಿಸಿದೆ. 24 ಪುಟ, 300 ಪ್ರತಿ, ನಡುಮಡಿಕೆಗೆ ಹೊಡೆಯುವ ಸೆಂಟರ್ ಪಿನ್. ಇಷ್ಟು ಸಣ್ಣ ಕೆಲಸಕ್ಕೆ ಬೇರೆ ಕಡೆ ಮುಖ ಕೊಟ್ಟು ಮಾತಾಡುವುದಿಲ್ಲ. ಇಲ್ಲಿ ಕೂರಿಸಿ, ಬರೆದದ್ದನ್ನು ಪೂರ್ತಿ ಓದಿದರು.

ಓದಿದ್ದೇ ದೊಡ್ಡ ವಿಷಯ. ನನ್ನ ಬರಹ 22 ಪುಟಕ್ಕೆ ಮುಗಿದಿತ್ತು. ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು. ಎರಡು ಪುಟ ಖಾಲಿ ಬಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಪ್ರೂಫ್ ನೋಡುವ ಹಿರಿಯರು ಕೇಳಿದರು: “ಮೇಡಂ, 1874ರಲ್ಲಿ ತಿರುನೆಲ್ವೇಲಿ ಸೀಮೆಯ ಹಳ್ಳೀಲಿ ಹುಟ್ಟಿದವರು 1912ರಲ್ಲಿ ಆಂಗ್ಲಿಕನ್ನರ ಮೊದಲ ಭಾರತೀಯ ಬಿಷಪ್ ಆದ್ರು ಅಂತೀರಿ. ಬಿಳಿಯರು ಸುಮ್ನೆ ಒಪ್ಪಿದ್ರಾ?”

ಆ ಎರಡು ಪುಟ ಅದಕ್ಕೇ ಮೀಸಲಾಯಿತು. 1910ರ ಎಡಿನ್‌ಬರೊ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅಜರಯ್ಯನವರು ಮಿಷನರಿಗಳ ಎದುರಿಗೇ ನಿಂತು, ನಿಮ್ಮ ತ್ಯಾಗಕ್ಕೆ ಋಣಿಗಳು, ಆದರೆ ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಎಂದು ಕೇಳಿದ್ದು, ಅದು ಹಲವರಿಗೆ ಚುಚ್ಚಿದ್ದು. ಬಿಷಪ್ ಪದವಿಗೆ ಮಿಷನರಿಗಳಿಂದಷ್ಟೇ ಅಲ್ಲ, ಭಾರತೀಯ ಕ್ರೈಸ್ತರಿಂದಲೂ ವಿರೋಧ ಬಂದದ್ದು, ಮದ್ರಾಸಿನ ಬಿಷಪ್ ವೈಟ್‌ಹೆಡ್ ಬೆನ್ನಿಗೆ ನಿಂತದ್ದು. ಕೊನೆಗೆ 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ಅಭಿಷೇಕ. ತಮಿಳು ಮನೆಮಾತಿನ ಆ ಮನುಷ್ಯ ತೆಲುಗು ಕಲಿತು, ನಿಜಾಮರ ಸೀಮೆಯ ದೋರ್ನಕಲ್‌ನ ಬಡ ದಲಿತ ಕುಟುಂಬಗಳ ನಡುವೆ 1945ರವರೆಗೆ ದುಡಿದರು. ಅವರು ಹಂಬಲಿಸಿದ ಸಭೆಗಳ, ಅಂದರೆ ಬೇರೆಬೇರೆ ಚರ್ಚುಗಳ, ಐಕ್ಯ 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಆಗಿ ಕೈಗೂಡಿತು; ನಮ್ಮ ಮಕ್ಕಳು ಭಾನುವಾರ ಹೋಗುವುದು ಅದೇ ಸಭೆಗೆ. ಈ ಪುಸ್ತಿಕೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆ ಎರಡು ಪುಟ.

ಯೂನಿಕೋಡ್‌ನಲ್ಲಿದ್ದ ಬರಹವನ್ನು ಪ್ರೆಸ್ಸಿನ ‘ನುಡಿ’ ಫಾಂಟಿಗೆ ತಿರುಗಿಸುವಾಗ ಕೆಟ್ಟ ಒತ್ತಕ್ಷರಗಳನ್ನು ಡಿಟಿಪಿ ಹುಡುಗಿ ಒಂದೊಂದಾಗಿ ಸರಿಮಾಡಿದಳು. ನಡುವಿನ ಎರಡು ಪುಟಕ್ಕೆ ಹರಡುವಂತೆ ದೋರ್ನಕಲ್‌ನ ಎಪಿಫನಿ ಕಥೀಡ್ರಲ್ ಚಿತ್ರ ಕೊಟ್ಟಿದ್ದೆ. ಗುಮ್ಮಟ, ಮಿನಾರು, ದೇಗುಲದಂಥ ಕಂಬ ಎಲ್ಲವೂ ಒಟ್ಟಿಗಿರುವ ಕಟ್ಟಡ ಅದು. ಪಿನ್ನು ಗುಮ್ಮಟಕ್ಕೆ ಚುಚ್ಚದಂತೆ ಚಿತ್ರವನ್ನು ಎಡಕ್ಕೆ ಸರಿಸಿದರು. ನಾನು ಹೇಳಿರಲೇ ಇಲ್ಲ. ಒಳಗೆ 80 ಜಿಎಸ್ಎಂ ಮ್ಯಾಪ್ಲಿಥೋ ಕಾಗದ, ಹಿಂದಿನ ಪುಟದ ಅಕ್ಷರ ಇಣುಕುವುದಿಲ್ಲ.

ಬೇಸರವಾದದ್ದು ಮುಖಪುಟ. ಹಳೆಯ ಕಪ್ಪು-ಬಿಳುಪು ಭಾವಚಿತ್ರ ಲ್ಯಾಮಿನೇಷನ್ ಆದ ಮೇಲೆ ಮಂಕಾಗಿದೆ, ನಿಲುವಂಗಿಯ ನೆರಿಗೆ ಮಸಿಯಲ್ಲಿ ಮುಳುಗಿದೆ. ಕವರಿನ ಸ್ಯಾಂಪಲ್ ತಾವಾಗಿಯೇ ತೋರಿಸಬೇಕಿತ್ತು. ಹೇಳಿದ ದಿನಕ್ಕೂ ಕೊಡಲಿಲ್ಲ. ಫೋನ್ ಮಾಡುತ್ತಲೇ ಇರಬೇಕು.

ಐದಕ್ಕೆ ನಾಲ್ಕು. ಸಭೆಯ ಸ್ಮರಣ ಸಂಚಿಕೆ, ಸಂಘದ ವರದಿ, ಮನೆಯ ಹಿರಿಯರ ನೆನಪಿನ ಪುಸ್ತಕ ಇದ್ದರೆ ಖಂಡಿತ ಇಲ್ಲಿಗೆ ಕೊಡಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ. ಬಂಡಲ್ ಒಯ್ಯುವ ದಿನ ಮಾತ್ರ ಆಟೋ ಮಾಡಿಕೊಳ್ಳಿ.